ಟಿವಿಗೊಂದು ಜಗಳ

ತನ್ನ ಅಂಗಡಿಯ ಬೋರ್ಡು ಟಿವಿಯಲ್ಲಿ ಕಾಣಲಿ ಎಂಬ ಒಂದೇ ಆಸೆಗೆ ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಬಟ್ಟೆ ವ್ಯಾಪಾರಿ ಕಲ್ಯಾಣಪ್ಪ, ಮನೆಯಲ್ಲಿ ಇಲ್ಲದ ಜಗಳವನ್ನು ಇದೆಯೆಂದು ಒಪ್ಪಿಕೊಂಡುಬಿಟ್ಟ.

ಬರಗಾಲದ ಬೇಸಿಗೆ. ಓಣಿಗೆ ಬರುವ ನೀರಿನ ಟ್ಯಾಂಕರಿನ ಚಿತ್ರ ತೆಗೆಯಲು ಪುಣೆಯಿಂದ ಮರಾಠಿ ಚಾನೆಲ್ಲಿನ ಹುಡುಗಿಯೊಬ್ಬಳು ಕ್ಯಾಮೆರಾದವನೊಡನೆ ಬಂದಿದ್ದಳು. ಹೆಂಗಸರು ಕೊಡ ಹಿಡಿದು ಸಾಲಿನಲ್ಲಿ ನಗುನಗುತ್ತ ಹರಟುತ್ತಿದ್ದುದನ್ನು ಕಂಡು ಆಕೆಯ ಮುಖ ಬಾಡಿತು. ನೀರಿಗಾಗಿ ಅತ್ತೆ ಸೊಸೆ ಕಚ್ಚಾಡುವ ಮನೆ ಒಂದೂ ಇಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು.

ಇದೆ, ನಮ್ಮದೇ, ಆದರೆ ಚಿತ್ರ ಅಂಗಡಿಯ ಮುಂದೆಯೇ ಆಗಬೇಕು ಎಂದ ಕಲ್ಯಾಣಪ್ಪ.

ಪಕ್ಕದ ಕಿರಾಣಿ ಅಂಗಡಿಯ ನಾಗಣ್ಣ ಬಾಯಿಬಿಟ್ಟ. "ನಿಮ್ಮನ್ಯಾಗ ಜಗಳ ಎಲ್ಲದನೋ? ಅತ್ತಿ ಸೊಸಿ ಒಂದೇ ತಾಟಿನ್ಯಾಗ ಉಣ್ತಾರ!"

"ನೀ ಸುಮ್ಮ ಕೂಡು. ನಾ ಹಚ್ಚಿಸ್ತೀನಿ."

ತಾಯಿ ಸರಸ್ವತಿಬಾಯಿಯನ್ನೂ ಹೆಂಡತಿ ಚಂಪಾಬಾಯಿಯನ್ನೂ ಕರೆದು ತಂದು ನಿಲ್ಲಿಸಿದ. "ಸೀರಿಯಲ್ ನೋಡೀಯಿಲ್ಲ ಅವ್ವಾ? ಹಂಗ ಕಣ್ಣು ದೊಡ್ಡವು ಮಾಡಿ ಬೈಯಿ. ಚಂಪಾ, ನೀ ಸೆರಗು ಬಾಯಿಗಿ ಹಚ್ಚಿ ಅಳು."

"ಸೀರಿಯಲ್ಲಿನ ಹೆಣ್ಮಕ್ಕಳು ನೀರಿಗಿ ಎಂದ ಹೋಗ್ಯಾರ್ರೀ?" ಎಂದಳು ಚಂಪಾಬಾಯಿ. "ರೇಷ್ಮಿ ಸೀರಿ ಉಟ್ಟು, ಬಾಗಿಲ ಹಿಂದ ನಿಂತು ಕಿವಿ ಹಚ್ಚಿರ್ತಾರ."

ಸರಸ್ವತಿಬಾಯಿ ಕಣ್ಣು ಅಗಲಿಸಿ, "ಕೊಡ ಯಾಕ ಚೆಲ್ಲಿದಿ?" ಎಂದು ಗದರಿದ್ದೇ ತಡ, ಸೊಸೆಗೆ ನಗು ಉಕ್ಕಿತು. ಅತ್ತೆಗೂ ತಡೆಯಲಾಗಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕೊಡ ಬಿಟ್ಟು ನೋಡಲು ಬಂದರು. "ಸೊಸಿ ಕೂದಲ ಹಿಡೀರಿ ಚಿಗವ್ವಾ!" ಎಂದು ನಾಗಣ್ಣ ಕೂಗಿದ. ಹುಡುಗಿ ಗಡಿಯಾರ ನೋಡಿಕೊಂಡಳು.

ಕಲ್ಯಾಣಪ್ಪನಿಗೆ ಬೆವರು ಇಳಿಯಿತು. "ಖರೇ ಸಿಟ್ಟು ತಂದ್ಕೋರಿ! ಒಬ್ಬರ ಮ್ಯಾಲ ಒಬ್ಬರಿಗಿ ಏನರೆ ಇದ್ದೇ ಇರ್ತದಲ್ಲ!"

ಚಂಪಾಬಾಯಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅವಳ ದನಿಯೇ ಬದಲಾಯಿತು. "ಹೋದ ಪಂಚಮಿಗಿ ಔರಾದಿಗಿ ನಮ್ಮಣ್ಣನ ಮನಿಗಿ ಹೋಗ್ತೀನಂದ್ರ ನೀವ್ಯಾಕ ಬ್ಯಾಡಂದ್ರಿ ಅತ್ತಿ?"

"ನಾ ಎಂದ ಅಂದೆನೇ? ನಾ ಶ್ರೀಶೈಲಕ್ಕ ಹೊಂಟಾಗ, ಮನಿ ಕೆಲಸ ಒಬ್ಬಾಕಿ ಮಾಡಂಗಿಲ್ಲಂತ ನೀ ಅಡ್ಡ ಬಂದಿದ್ದಿ!"

"ನಾನಾ? ಯಾರು ಹೇಳ್ದೋರು?"

"ಇಂವ!"

"ನನಗೂ ಇವರೇ ಹೇಳ್ಯಾರ!"

ಇಬ್ಬರೂ ಒಟ್ಟಿಗೆ ತಿರುಗಿದರು. ಕಲ್ಯಾಣಪ್ಪ ಬಟ್ಟೆಯ ಗಂಟಿಗೆ ಬೆನ್ನು ತಾಗುವವರೆಗೆ ಹಿಂದೆ ಸರಿದ. "ಎರಡೂ ಹೊತ್ತು ಬಿಸಿ ರೊಟ್ಟಿ ತಪ್ಪಬಾರದಂತ..." ಎಂದು ತೊದಲಿದ. ಇಬ್ಬರ ಕೂಗಿನಲ್ಲಿ ಮುಂದೆ ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಕನ್ನಡದ ಒಂದಕ್ಷರವೂ ತಿಳಿಯದ ಹುಡುಗಿ ಮಾತ್ರ "ಛಾನ್, ಛಾನ್!" ಎಂದು ಮೆಚ್ಚಿ ಕುಣಿದಳು.

ಮಧ್ಯಾಹ್ನ ಅತ್ತೆ ಸೊಸೆ ಎರಡು ಕೊಡಗಳನ್ನು ಅವನ ಕೈಗಿಟ್ಟು, ಔರಾದಿಗೆಂದು ನಿಲಂಗಾ ದಾರಿಯ ಬಸ್ಸು ಹತ್ತಿದರು.

ಸಂಜೆ ನಾಗಣ್ಣನ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತರು. ಅಂಗಡಿಯ ಬೋರ್ಡಿನ ಕೆಳಗೆ ಇಬ್ಬರು ಹೆಂಗಸರು ಕೈಯೆತ್ತಿ ಕೂಗುತ್ತಿದ್ದರು. ಕನ್ನಡದ ಮೇಲೆ ಮರಾಠಿ ದನಿ ಕೂತಿತ್ತು: ಕೊಡ ನೀರಿಗಾಗಿ ವೈರಿಗಳಾದ ಅತ್ತೆ ಸೊಸೆ, ನಡುವೆ ನಲುಗಿದ ಸಾಧು ಗಂಡ. ಬೆಳಿಗ್ಗೆ ಕಣ್ಣಾರೆ ಕಂಡವರು ಬಿದ್ದು ಬಿದ್ದು ನಕ್ಕರು. ಕಲ್ಯಾಣಪ್ಪನಿಗೆ ಮಾತ್ರ ಜೀವ ಬಂದಂತಾಯಿತು. ಔರಾದಿನಲ್ಲೂ ಇದನ್ನು ನೋಡಿರುತ್ತಾರೆ. ಭಾವಮೈದುನ ದಿಗಂಬರ ನಾಚಿಕೊಂಡು ತಂಗಿಯನ್ನು ನಾಳೆಯೇ ಕಳಿಸುತ್ತಾನೆ.

ಅಷ್ಟರಲ್ಲಿ ದಿಗಂಬರನದೇ ಫೋನು ಬಂತು.

"ಭಾವಾರ, ಟಿವ್ಯಾಗ ನೋಡಿ ಭಾಳ ಕೆಟ್ಟ ಅನಿಸ್ತು. ಇಬ್ಬರಿಗೂ ಕೇಳ್ದೆ. ಹೌದು, ನೀರಿಂದೇ ಜಗಳ ಅಂತ ಒಪ್ಕೊಂಡ್ರು."

"ಹಂಗಾರ ಬುದ್ಧಿ ಹೇಳಿ..."

"ಬುದ್ಧಿ ಯಾಕ್ರೀ? ನಮ್ಮ ಬಾವ್ಯಾಗ ನೀರು ಅದ. ಶ್ರೀಶೈಲಕ್ಕ ಹೋಗಿ ಬಂದು ಇಬ್ಬರೂ ಇಲ್ಲೇ ಇರ್ಲಿ. ನಿಮ್ಮ ಕಡಿ ಮಳಿ ಆದ ಕೂಡ್ಲೇ ಕಳಸ್ತೀನಿ."

ಫೋನಿನಾಚೆ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಕಲ್ಯಾಣಪ್ಪ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದ. ಆಕಾಶದಲ್ಲಿ ಒಂದೂ ತಪ್ಪದಂತೆ ಎಲ್ಲ ನಕ್ಷತ್ರಗಳೂ ಹೊಳೆಯುತ್ತಿದ್ದವು.