ರಾಗಿ ಮೂಟೆಯಲ್ಲಿ ಮಾವನವರ ಗ್ರಾಮಫೋನು

ಕೆಲವರಿಗೆ ಕೆಲಸವನ್ನು ಕೆಲಸದ ಜಾಗದಲ್ಲೇ ಬಿಟ್ಟು ಮನೆಗೆ ಬರುವ ಪುಣ್ಯವಿರುತ್ತದೆ. ನನಗಿಲ್ಲ. ತೊಂಬತ್ತರ ದಶಕದ ನಡುವೆ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಆಗ ಪೀಣ್ಯಕ್ಕೆಲ್ಲ ಗುಣಮಟ್ಟದ ಸರ್ಟಿಫಿಕೇಟ್ ಪಡೆಯುವ ಹುಚ್ಚು. ಗುರುತಿಲ್ಲದ ಒಂದು ಬೋಲ್ಟು ಕೂಡ ಕಾರ್ಖಾನೆಯಲ್ಲಿ ಇರುವಂತಿಲ್ಲ. ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು, ಅನುಮಾನವಿದ್ದರೆ ಹಳದಿ. ಪ್ರತಿ ಚೀಟಿಯಲ್ಲೂ ಮೂರು ಸಾಲು: ವಸ್ತು, ದೋಷ, ಕ್ರಮ. ದೋಷವಿದ್ದರೂ ಬೇರೆ ಗತಿಯಿಲ್ಲದಿದ್ದರೆ ಕ್ರಮದ ಸಾಲಿನಲ್ಲಿ ‘ಇದ್ದ ಹಾಗೇ ಬಳಸುವುದು’ ಎಂದು ಬರೆಯಬಹುದಿತ್ತು. ಆದರೆ ಅದಕ್ಕೆ ತಪಾಸಣೆ ಮಾಡಿದವರ ಸಹಿಯ ಜೊತೆಗೆ, ಆ ವಸ್ತುವನ್ನು ಬಳಸುವವರ ಒಪ್ಪಿಗೆಯ ಸಹಿಯೂ ಬೇಕು. ಈ ಚೀಟಿಗಳ ಒಂದು ಕಟ್ಟನ್ನು ನಾನು ಮನೆಗೂ ತಂದಿಟ್ಟಿದ್ದೆ. ಉಪ್ಪಿನಕಾಯಿ ಜಾಡಿಗೆ ಹಳದಿ ಚೀಟಿ ಕಟ್ಟಿದ್ದಕ್ಕೆ ನನ್ನ ಹೆಂಡತಿ ಗಿರಿಜಾ ಎರಡು ದಿನ ಮಾತು ಬಿಟ್ಟಿದ್ದಳು.

ಮಾವನವರು ದಾವಣಗೆರೆಯವರು. ಬಟ್ಟೆ ಮಿಲ್ಲಿನಲ್ಲಿ ಮೂವತ್ತು ವರ್ಷ ಥಾನುಗಳನ್ನು ಬಿಡಿಸಿ ಎಳೆ ತಪ್ಪಿದ್ದನ್ನು ಹಿಡಿದವರು. ಮಾತು ಕಡಿಮೆ, ನೋಟ ಜಾಸ್ತಿ. ಅವರ ಮನೆಯ ಮಾಡು ರಿಪೇರಿಗೆ ಬಂದಾಗ ತಮ್ಮ ಪ್ರಾಣಕ್ಕಿಂತ ಹೆಚ್ಚಾಗಿದ್ದ ಇಪ್ಪತ್ತಾರು ರೆಕಾರ್ಡುಗಳನ್ನೂ ಪೆಟ್ಟಿಗೆಯಂಥ ಗ್ರಾಮಫೋನನ್ನೂ ನಮ್ಮಲ್ಲಿ ತಂದಿಟ್ಟು, “ನೆಲದ ಮೇಲೆ ಇಡಬ್ಯಾಡ್ರಿ ಅಳಿಯಂದ್ರೆ, ಅಷ್ಟ ನೆನಪಿರ್ಲಿ” ಎಂದಿದ್ದರು. ನಾನು ಅವನ್ನು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ನೆಲದ ಮೇಲೆಯೇ ಇಟ್ಟೆ. ಮೇಲಿನ ಹಲಗೆಯಲ್ಲಿ ನನ್ನ ಹಳೆಯ ತಪಾಸಣೆ ಫೈಲುಗಳಿದ್ದವು, ಏನು ಮಾಡಲಿ?

ಮಾಕಳಿಯ ನಮ್ಮ ಮನೆಯ ಮಾಲೀಕ ಮುನಿಯಪ್ಪ ಒಂದು ಸೋಮವಾರ ನೀರಿನ ಮೋಟರ್ ಹಾಕಿ ಮರೆತ. ಟ್ಯಾಂಕು ಉಕ್ಕಿ, ನೀರು ತಾರಸಿಯಿಂದ ಮೆಟ್ಟಿಲಿಳಿದು ನೇರವಾಗಿ ಆ ಕೋಣೆಗೆ ಹೋಯಿತು. ನಾನು ಬಂದು ನೋಡಿದಾಗ ಗ್ರಾಮಫೋನು ಅರ್ಧ ಮುಳುಗಿತ್ತು. ರೆಕಾರ್ಡುಗಳ ನಡುವಿನ ದುಂಡು ಲೇಬಲ್‌ಗಳು ಬಿಟ್ಟುಕೊಂಡು ನೀರಿನ ಮೇಲೆ ಹಾಯಾಗಿ ತೇಲುತ್ತಿದ್ದವು. ಮಾವನವರು ಬರುವ ಭಾನುವಾರ ಬರುವವರಿದ್ದರು.

“ಅಸ ಕರಾ ಆಕ್ತಿತ್ತು ಸಾ, ಕೊಟ್ಟಿಗೇಲೇ ನಿಂತ್ಬುಟ್ಟೆ” ಎಂದ ಮುನಿಯಪ್ಪ. ಅವನ ಮುಖ ನನ್ನದಕ್ಕಿಂತ ಬಾಡಿತ್ತು. ಬೈಯಲು ಮನಸ್ಸಾಗಲಿಲ್ಲ, ಬಾಡಿಗೆ ಮನೆ ಬೇರೆ.

“ರೀ, ಅಪ್ಪಾಜಿಗೆ ಫೋನ್ ಮಾಡಿ ಇದ್ದಿದ್ ಇದ್ದಂಗೆ ಹೇಳ್ಬಿಡಿ” ಎಂದಳು ಗಿರಿಜಾ. ನಾನು ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದೆ. “ಎಲ್ಲಾ ಭದ್ರವಾಗಿದೆ ಮಾವ, ದಿನಾ ಧೂಳು ಒರೆಸ್ತೀನಿ” ಎಂದೆ. ನಾಲಿಗೆ ಯಾಕೆ ಹಾಗೆ ಹೊರಳಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಉಳಿದದ್ದು ಕಾರ್ಖಾನೆಯ ವಿಧಾನವೊಂದೇ. ಪ್ರತಿ ರೆಕಾರ್ಡಿನ ಮೇಲೂ ಸೀಮೆಸುಣ್ಣದಲ್ಲಿ ನಂಬರು ಬರೆದೆ. ನೆನೆದ ಕವರಿನ ಮೇಲಿನ ಹೆಸರು ನೋಡಿ ಅದರದರ ಲೇಬಲ್ ಹುಡುಕಿ ಹಿಂಬದಿಗೆ ಪೆನ್ಸಿಲಿನಲ್ಲಿ ಅದೇ ನಂಬರು ಹಾಕಿ, ಮುದ್ದೆಯಾದ ಕವರುಗಳನ್ನು ಎಸೆದೆ. ಎಲ್ಲಕ್ಕೂ ಹಳದಿ ಚೀಟಿ ಇಟ್ಟು, ರೆಕಾರ್ಡುಗಳನ್ನು ತಾರಸಿಯ ನೆರಳಿನಲ್ಲಿ ಹಳೆಯ ಪಂಚೆಯ ಮೇಲೆ ಸಾಲಾಗಿ ಹರವಿದೆ. ನೋಡಿದವರು ಹಪ್ಪಳ ಸೀದಿದೆ ಎಂದುಕೊಳ್ಳಬೇಕು, ಹಾಗಿತ್ತು. ಗ್ರಾಮಫೋನಿನ ಜವಾಬ್ದಾರಿಯನ್ನು ಮುನಿಯಪ್ಪ ವಹಿಸಿಕೊಂಡ. “ನಮ್ಮಪ್ಪನ ಗಡಿಯಾರ ಬಾವಿಗ್ ಬಿದ್ದಾಗ ರಾಗಿ ಮೂಟೇಲಿ ಮಡಗಿದ್ವಿ ಸಾ. ನೀರೆಲ್ಲಾ ಈರ್ಕಂಡು ಮೂರ್ ದಿನಕ್ಕೆ ಟಕಟಕ ಅಂತು” ಎಂದ. ಗಡಿಯಾರಕ್ಕೆ ಗಾಜಿನ ಮುಚ್ಚಳವಿರುತ್ತದೆ, ಗ್ರಾಮಫೋನಿನ ಮೈತುಂಬ ಗಾಳಿಕಿಂಡಿಗಳಿರುತ್ತವೆ ಎಂಬ ವ್ಯತ್ಯಾಸ ಅವನಿಗೂ ಹೊಳೆಯಲಿಲ್ಲ, ತಪಾಸಣೆಯವನಾದ ನನಗೂ ಹೊಳೆಯಲಿಲ್ಲ. ಇಬ್ಬರೂ ಸೇರಿ ಅದನ್ನು ರಾಗಿಯಲ್ಲಿ ಹೂತೆವು.

ಶನಿವಾರ ಸಂಜೆ ಲೇಬಲ್ ಅಂಟಿಸಲು ಮೈದಾ ಅಂಟು ಕಲಸಿಕೊಂಡು ಕೂತೆ. ಲೇಬಲ್‌ಗಳಿಗೆ ನಂಬರಿತ್ತು. ರೆಕಾರ್ಡುಗಳಿಗೆ ಇರಲಿಲ್ಲ.

“ಮೇಲೆಲ್ಲಾ ಸುಣ್ಣ ಮೆತ್ತಿತ್ತಲ್ರೀ, ಒದ್ದೆ ಬಟ್ಟೇಲಿ ಚೆನ್ನಾಗ್ ಒರೆಸ್ಬಿಟ್ಟೆ” ಎಂದಳು ಗಿರಿಜಾ, ಹೊಗಳಿಕೆಯನ್ನು ನಿರೀಕ್ಷಿಸುತ್ತ.

ಹಾಕಿ ಕೇಳೋಣವೆಂದರೆ ಗ್ರಾಮಫೋನು ಇನ್ನೂ ರಾಗಿಯೊಳಗಿತ್ತು; ಗಡಿಯಾರಕ್ಕಿಂತ ದೊಡ್ಡದು, ಭಾನುವಾರ ಬೆಳಿಗ್ಗೆಯವರೆಗೆ ತೆಗೆಯಬಾರದು ಎಂದಿದ್ದ ಮುನಿಯಪ್ಪ. ನಾನು ದೇವರ ಮೇಲೆ ಭಾರ ಹಾಕಿ, ಕೈಗೆ ಸಿಕ್ಕ ಲೇಬಲನ್ನು ಕೈಗೆ ಸಿಕ್ಕ ರೆಕಾರ್ಡಿಗೆ ಅಂಟಿಸಿದೆ. ನನ್ನ ಹಸ್ತಾಕ್ಷರದಲ್ಲಿ ಇಪ್ಪತ್ತಾರು ಹಸಿರು ಚೀಟಿಗಳೂ ತಯಾರಾದವು.

ಭಾನುವಾರ ಮಾವನವರು ಬಂದರು. ಸ್ನಾನ ಮಾಡಿ, ವಿಭೂತಿ ಧರಿಸಿ ಗ್ರಾಮಫೋನಿನ ಮುಂದೆ ಕೂತರು. ಹಸಿರು ಚೀಟಿಗಳನ್ನು ತಿರುಗಿಸಿ ನೋಡಿ, “ಇವೇನ್ರಿ?” ಎಂದು ಕೇಳಿದರು. ನಾನು ಉಬ್ಬಿಹೋಗಿ ಮೂರು ಬಣ್ಣ, ಮೂರು ಸಾಲು, ಎರಡು ಸಹಿ ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದೆ. ಆಮೇಲೆ ಅವರು ವಚನಗಾಯನವೆಂದು ಲೇಬಲ್ ಇದ್ದ ರೆಕಾರ್ಡನ್ನು ಹಾಕಿ, ಕಣ್ಣು ಮುಚ್ಚಿ ಕೈಮುಗಿದರು. ಒಳಗಿನಿಂದ ಯಾವುದೋ ಕಂಪನಿ ನಾಟಕದ ರಾಕ್ಷಸ ಗಹಗಹಿಸಿ ನಕ್ಕ. ಅವನು ನಕ್ಕಾಗಲೆಲ್ಲ ಸ್ಪೀಕರಿನ ಜಾಲರಿಯಿಂದ ಒಂದೊಂದು ಹಿಡಿ ರಾಗಿ ಮಾವನವರ ಪಂಚೆಯ ಮೇಲೆ ಸುರಿಯಿತು. ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮಾವನವರು ಕಣ್ಣು ಬಿಡಲಿಲ್ಲ. ಕೊನೆಯವರೆಗೂ ಕೇಳಿ, ಪಂಚೆ ಕೊಡವಿ, “ಎಂಥಾ ಭಕ್ತಿ ಐತ್ರಿ ಆ ಕಂಠದಾಗ” ಎಂದರು. ಪಾಪ, ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದುಕೊಂಡೆ. ಬದುಕಿದೆ ಎಂದೂ ಅಂದುಕೊಂಡೆ. ಸಂಜೆ ಅವರು ಏನೋ ಬರೆಯಬೇಕೆಂದು ನನ್ನ ಪೆನ್ನು ಕೇಳಿದರು. ಖುಷಿಯಿಂದ ಕೊಟ್ಟೆ.

ಸೋಮವಾರ ಕಾರ್ಖಾನೆಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದಾಗ ವಾಚ್‌ಮನ್ ನನ್ನ ಬೆನ್ನ ಹಿಂದೆ ಬಗ್ಗಿ, “ಸಾರ್, ಸ್ಟೆಪ್ನಿಗೆ ಏನೋ ಕಟ್ಟೈತೆ” ಎಂದ. ಮಾಕಳಿಯಿಂದ ಪೀಣ್ಯದವರೆಗೆ ತುಮಕೂರು ರಸ್ತೆಯ ಲಾರಿಗಳೆಲ್ಲ ನೋಡಿಕೊಂಡು ಬಂದಿರಬೇಕು, ಹಳದಿ ಚೀಟಿ. ಅಕ್ಷರ ಮುತ್ತಿನಂತಿತ್ತು.

ವಸ್ತು: ಅಳಿಯ, ಒಂದು.
ದೋಷ: ಒಳಗೊಂದು ಹಾಡು, ಮೇಲೊಂದು ಲೇಬಲ್. ರಾಗಿ ಜಾಸ್ತಿ.
ಕ್ರಮ: ಇದ್ದ ಹಾಗೇ ಬಳಸುವುದು.

ಇಷ್ಟು ವರ್ಷದ ನೌಕರಿಯಲ್ಲಿ ಇಷ್ಟು ಕರಾರುವಾಕ್ಕಾದ ಚೀಟಿಯನ್ನು ನಾನು ಬರೆದದ್ದಿಲ್ಲ. ಕೊನೆಯ ಆಸೆಯಿಂದ, ನಿಯಮದ ಪ್ರಕಾರ ಇದು ಅಸಿಂಧುವಾದೀತೇ ಎಂದು ಸಹಿಗಳನ್ನು ಹುಡುಕಿದೆ. ತಪಾಸಣೆ ಮಾಡಿದವರ ಜಾಗದಲ್ಲಿ ಮಾವನವರ ಸಹಿ ಇತ್ತು. ಬಳಸುವವರ ಒಪ್ಪಿಗೆ ಎಂಬಲ್ಲಿ, ಸ್ವಲ್ಪ ಯೋಚಿಸಿ ಹಾಕಿದ ಹಾಗೆ, ಗಿರಿಜಾಳದು.