ಎಲೆಗೆ ಅಡ್ಡ ಹಿಡಿದ ಕೈ

ಹಸಿದುಕೊಂಡಾದರೂ ಮರ್ಯಾದೆ ಉಳಿಸಿಕೊಳ್ಳುವುದರಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಇಡೀ ದೊಡ್ಡಬಳ್ಳಾಪುರದಲ್ಲಿ ಇಲ್ಲ. ಇದು ಹೊಗಳಿಕೆಯೋ ದೂರೋ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ!

ಬಡಿಸಲು ಬಂದವರಿಗೆ ಎರಡು ಸಲ ಬೇಡ ಅನ್ನಬೇಕು, ಎಲೆಗೆ ಕೈ ಅಡ್ಡ ಹಿಡಿಯಬೇಕು, ಆಮೇಲೂ ಬಲವಂತ ಮಾಡಿದರೆ ಮಾತ್ರ ಹಾಕಿಸಿಕೊಳ್ಳಬೇಕು. ಇದು ಮಾವನ ಶಾಸ್ತ್ರ. "ಕೇಳಿದ ತಕ್ಷಣ ಹ್ಞೂಂ ಅನ್ನೋಕೆ ನಾವೇನು ಅನ್ನ ಕಾಣದೋರೇನೇ?" ರಾಜಘಟ್ಟದ ಮದುವೆಯೊಂದರಲ್ಲಿ ಹೋಳಿಗೆ ಬಡಿಸುತ್ತಿದ್ದವನು ಮೊದಲ ಬೇಡಕ್ಕೇ ಮುಂದೆ ಹೋಗಿಬಿಟ್ಟ. ಮನೆಗೆ ಬಂದ ಮಾವ ತೀರ್ಪು ಕೊಟ್ಟರು: "ಆ ಸಂಬಂಧ ಸರಿಯಿಲ್ಲ ಕಣೇ!" ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನಲ್ಲಿ ಯಾರೋ ಹುಡುಗಿ ಸೀಟು ಬಿಟ್ಟುಕೊಟ್ಟಾಗಲೂ "ಪರವಾಗಿಲ್ಲ, ಕೂತ್ಕೊಳಮ್ಮ" ಎಂದರು. ಅವಳು ಕೂತೇಬಿಟ್ಟಳು! ಮಾವ ದೇವಸ್ಥಾನದವರೆಗೂ ನಿಂತೇ ಹೋದರು. ಸುಬ್ರಹ್ಮಣ್ಯನ ಹತ್ತಿರ ಅವಳ ಮೇಲೆ ದೂರು ಕೊಟ್ಟರೋ ಏನೋ.

ಈ ಶಾಸ್ತ್ರ ಅಷ್ಟು ವರ್ಷ ನಡೆದದ್ದು ಅತ್ತೆಯ ದೆಸೆಯಿಂದ. ಅತ್ತೆ ಕೇಳುತ್ತಲೇ ಇರಲಿಲ್ಲ. ಅಡ್ಡ ಬಂದ ಕೈಯನ್ನು ಸೌಟಿನಿಂದಲೇ ಸರಿಸಿ, "ಸಾಕು ನಿಮ್ಮ ನಾಟ್ಕ, ತಿನ್ನಿ" ಎಂದು ಸುರಿದುಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಾವ ಇಳಿದುಹೋದರು. ಸೊಸೆ "ಇನ್ನೊಂದು ಮುದ್ದೆ ಹಾಕ್ಲಾ ಮಾವ?" ಎನ್ನುತ್ತಾಳೆ, ಇವರು "ಬೇಡವ್ವ" ಎನ್ನುತ್ತಾರೆ, ಪಾಪ, ಅವಳು ನಂಬುತ್ತಾಳೆ. ಒಂದು ದಿನವಾದರೂ ಇವರಿಗೆ ಹೊಟ್ಟೆ ತುಂಬಾ ತಿನ್ನಿಸಲೇಬೇಕು ಎಂದು ಹಟ ಹಿಡಿದು, ನನಗೆ ಬಡ್ತಿ ಸಿಕ್ಕ ನೆಪದಲ್ಲಿ, ದೇವನಹಳ್ಳಿ ಕಡೆಯ ದೊಡ್ಡ ಸ್ಪ್ಯಾನಿಷ್ ಹೋಟೆಲಿಗೆ ಕರೆದುಕೊಂಡು ಹೋದೆ.

ಎಂಥಾ ಜಾಗ ಆರಿಸಿದೆ ನೋಡಿ! ಬಲವಂತ ಮಾಡುವುದೇ ಅಲ್ಲಿ ಅಸಭ್ಯತನ.

ಮೊದಲು ಟೊಮೆಟೊದ ತಣ್ಣನೆ ಸೂಪು ಬಂತು. ಮಾವ ಬಟ್ಟಲು ಮುಟ್ಟಿ ನೋಡಿ ಪಿಸುಗುಟ್ಟಿದರು. ಜೀವಮಾನವೆಲ್ಲ ಮಗ್ಗದ ಸದ್ದಿನ ನಡುವೆ ಮಾತಾಡಿದವರ ಪಿಸುಮಾತು ಅಡುಗೆಮನೆಯವರೆಗೂ ಕೇಳಿಸಿತು. "ಲೇ, ಸಾರು ಆರೋಗಿದೆ. ಬೈಬೇಡ ಪಾಪ, ಬಿಸಿ ಮಾಡ್ಕೊಡೋಕೆ ಹೇಳು."

"ಇದು ತಣ್ಣಗೇ ಕುಡಿಯೋದು ಮಾವ."

"ಯಾಕೆ, ಗ್ಯಾಸ್ ಉಳಿಸೋಕಾ?"

ಆಮೇಲೆ ಅಂಗೈಯಗಲದ ತಟ್ಟೆಯಲ್ಲಿ ಖಾರ ಹಚ್ಚಿದ ಆಲೂಗಡ್ಡೆ ಬಂತು. ಮಾವ ಒಂದು ಹೋಳು ತಿಂದು ತಲೆದೂಗಿದರು. "ಇನ್ನೂ ಸ್ವಲ್ಪ ಹಾಕ್ಲಾ ಸರ್?" ಎಂದ ವೇಟರ್. ಮಾವ ಕೈ ಅಡ್ಡ ಹಿಡಿದರು. "ಸಾಕಪ್ಪಾ, ಸಾಕು." ವೇಟರ್ ನಕ್ಕು, ತಲೆಬಾಗಿ, ತಟ್ಟೆಯನ್ನೇ ಎತ್ತಿಕೊಂಡು ಹೋದ! ಆಲೂಗಡ್ಡೆ ಹೋದ ದಾರಿಯನ್ನೇ ಮಾವ ನೋಡುತ್ತ ಕೂತರು.

"ಚೆನ್ನಾಗಿತ್ತು ಕಣೇ ಅದು."

"ಮತ್ಯಾಕೆ ಸಾಕು ಅಂದ್ರಿ?"

"ಅವ್ನು ಇನ್ನೊಂದ್ಸಲ ಕೇಳ್ತಾನೆ ಅಂತ!"

ಕೊನೆಗೆ ಅಗಲ ಬಾಣಲೆಯಲ್ಲಿ ತರಕಾರಿ ಹಾಕಿದ ಹಳದಿ ಅನ್ನ ಬಂತು. ತಳ ಹತ್ತಿದ ಅನ್ನವೇ ಇದರಲ್ಲಿ ವಿಶೇಷ ಎಂದು ಹೇಳಿ ವೇಟರ್ ಕೆರೆದು ಎತ್ತಿದ. ಮಾವನ ಕೈ ತಾನಾಗಿಯೇ ತಟ್ಟೆಗೆ ಅಡ್ಡ ಬಂತು. ನನಗೆ ರೇಗಿಹೋಯಿತು. ಎದ್ದು ನಿಂತು ಅವನ ಕೈಯಿಂದ ದೊಡ್ಡ ಚಮಚ ಕಿತ್ತುಕೊಂಡೆ, ಅದರಿಂದಲೇ ಮಾವನ ಕೈ ಸರಿಸಿ ಅನ್ನ ಸುರಿದೆ.

"ಸಾಕು ನಿಮ್ಮ ನಾಟ್ಕ, ತಿನ್ನಿ!"

ಸುತ್ತಲಿನ ಮೇಜಿನವರೆಲ್ಲ ತಿರುಗಿ ನೋಡಿದರು. ಮಾವ ಮಾತ್ರ ನನ್ನನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು. ತಲೆ ತಗ್ಗಿಸಿ, ಒಂದಗುಳೂ ಬಿಡದೆ ತಿಂದರು. ನಾನಿನ್ನೂ ಚಮಚ ಹಿಡಿದೇ ನಿಂತಿದ್ದೆ, ತಟ್ಟೆಯನ್ನು ತಾವೇ ನನ್ನ ಕಡೆ ಸರಿಸಿದರು.

"ಇನ್ನೊಂಚೂರು ಹಾಕವ್ವ" ಎಂದರು. ಬೇಕಾ ಎಂದು ಯಾರೂ ಕೇಳಿರಲಿಲ್ಲ.