ಅವ್ವನ ತಾಟಿಗೊಂದು ಹ್ಯಾಂಡ್ ಬ್ಲೆಂಡರ್

ಅಂಗಡಿಯಲ್ಲಿ ಆಯ್ಕೆ ಹೆಚ್ಚಾದಷ್ಟೂ ನನ್ನ ಬುದ್ಧಿ ಕಡಿಮೆಯಾಗುತ್ತದೆ. ಒಂದೇ ನಮೂನೆಯ ಛತ್ರಿ ಇದ್ದರೆ ಕೊಂಡು ಬರುತ್ತೇನೆ. ನಾಲ್ಕಿದ್ದರೆ ನೆನೆದುಕೊಂಡೇ ಬರುತ್ತೇನೆ. ಇಂಥವನ ಕೊರಳಿಗೆ ಹ್ಯಾಂಡ್ ಬ್ಲೆಂಡರ್ ಆರಿಸುವ ಹೊಣೆ ಬಿತ್ತು.

ಕಾರಣ ಅವ್ವ. ಹಲ್ಲು ಕೀಳಿಸಿಕೊಂಡ ಮೇಲೆ ಅವಳ ಊಟ ಅರ್ಧಕ್ಕಿಳಿದಿತ್ತು. ನಮ್ಮ ಮನೆಯಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ, ಒಂದಗುಳೂ ಬಿಡುವಂತಿಲ್ಲ. ಅಗಿಯಲಾಗದೆ ಎಲ್ಲಿ ಬಿಟ್ಟೇನೋ ಎಂದು ಅವಳು ನೀಡಿಸಿಕೊಳ್ಳುವುದನ್ನೇ ಕಡಿಮೆ ಮಾಡಿದ್ದಳು. ಪಲ್ಯವನ್ನು ಮಿಕ್ಸರಿಗೆ ಹಾಕಿ ಕೊಟ್ಟರೆ, ಬ್ಲೇಡಿನ ಕೆಳಗೆ ಉಳಿದದ್ದು ಹಾಳಾಗಬಾರದೆಂದು ಅದಕ್ಕೆ ನೀರು ಸುರಿದು, ಅಲುಗಾಡಿಸಿ, ಗಟಗಟ ಕುಡಿದು, "ಹೊಟ್ಟಿ ತುಂಬೇತಿ" ಎನ್ನುತ್ತಿದ್ದಳು. ತುಂಬುತ್ತಿದ್ದುದು ನೀರು. ಅವಳ ಕುಪ್ಪಸದ ತೋಳು ದಿನದಿನಕ್ಕೆ ಸಡಿಲಾಗುತ್ತಿತ್ತು.

ಉಣ್ಣುವ ಬಟ್ಟಲಿಗೇ ಇಳಿಸಿ ತಿರುವುವ ಹ್ಯಾಂಡ್ ಬ್ಲೆಂಡರ್ ತಂದರೆ ಈ ನೀರು ಕುಡಿಯುವುದು ತಪ್ಪೀತೆಂದು ನಾನು ಮೊಬೈಲು ಹಿಡಿದು ವ್ಯಾಟು, ವೇಗ ಎಂದು ಓದಿದ್ದೇ ಓದಿದ್ದು. ಹುಕ್ಕೇರಿಯ ಅಕ್ಕ ಫೋನಿನಲ್ಲಿ, "ದೊಡ್ಡ ವ್ಯಾಟಿಂದ ತಗೋಪಾ" ಎಂದಳು. ಹೆಂಡತಿ ಮಾತ್ರ, "ನೀವು ಓದಿ ಮುಗಸೂದ್ರಾಗ ಅತ್ತಿಯವರಿಗೆ ಹೊಸಾ ಹಲ್ಲ ಬರತಾವು ಬಿಡ್ರಿ" ಎಂದಳು.

ಕೊನೆಗೆ ಅವ್ವನನ್ನೇ ಕರೆದುಕೊಂಡು ಮೂಡಲಗಿಯಿಂದ ಗೋಕಾಕಕ್ಕೆ ಹೋದೆ. ಅಂಗಡಿಯವರು ಐದಾರು ನಮೂನೆ ಹರವಿದರು. ನಾನು ವ್ಯಾಟಿನ ಪ್ರವಚನ ಶುರುಮಾಡಿದೆ. ಅವ್ವ ಒಂದೊಂದನ್ನೂ ತಲೆಕೆಳಗೆ ಮಾಡಿ ಬ್ಲೇಡಿನ ಸಂದಿಯಲ್ಲಿ ಕಣ್ಣಿಟ್ಟು ನೋಡಿದಳು.

"ಇದರಾಗ ಎಷ್ಟು ಮೆತ್ತಕೊಂಡ ಉಳಿತೈತ್ರಿ?"

ಅಂಗಡಿಯವರು ತಬ್ಬಿಬ್ಬಾದರು. "ಅವ್ವಾರ, ಇಷ್ಟ ವರ್ಷದಾಗ ಯಾರೂ ಇದನ್ನ ಕೇಳಿಲ್ರಿ."

"ನಾ ಕೇಳಾಕತ್ತೇನಲ್ರಿ."

ಮೂಲೆಯಲ್ಲಿದ್ದ, ಅಗಲ ಬಾಯಿಯ ಸಾದಾ ಸ್ಟೀಲಿನದೊಂದನ್ನು ಅವಳೇ ಎತ್ತಿಕೊಂಡಳು. ಅದರ ವ್ಯಾಟು ಕೇಳಲು ನನಗೆ ಧೈರ್ಯವಾಗಲಿಲ್ಲ.

ಅಂದು ಬದನೆಕಾಯಿ ಪಲ್ಯ. ಹೆಂಡತಿ ಅವ್ವನ ಬಟ್ಟಲಲ್ಲೇ ಬ್ಲೆಂಡರ್ ಇಳಿಸಿ ಘರ್ರೆನಿಸಿ, ಪ್ಲಗ್ಗು ಕಿತ್ತು ಅವಳ ಕೈಗೆ ಕೊಟ್ಟಳು. ಅವ್ವ ಬ್ಲೇಡಿಗೆ ಹತ್ತಿದ್ದನ್ನು ರೊಟ್ಟಿಯ ಚೂರಿನಿಂದ ಒರೆಸಿ ಬಾಯಿಗಿಟ್ಟಳು. ಉಳಿದ ರೊಟ್ಟಿ ಪಲ್ಯದಲ್ಲಿ ನೆನೆದು ಮೆತ್ತಗಾಯಿತು. ಬಟ್ಟಲು ಖಾಲಿಯಾಗಿ ಅವಳು, "ಇನ್ನೊಂದೀಟ ನೀಡವಾ" ಎಂದಾಗ ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ನನಗಂತೂ ಅಳುವೇ ಬಂತು.

ಆಗಲೇ ಅವ್ವನ ಕಣ್ಣು ನನ್ನ ತಾಟಿನ ಮೇಲೆ ಬಿತ್ತು. ನಾನು ಬದನೆಕಾಯಿ ಹೋಳನ್ನು ಅಂಚಿಗೆ ಸರಿಸುವವನು. ತನಗೆ ಹಲ್ಲಿದ್ದಷ್ಟು ದಿನ ಅವ್ವ ಅವನ್ನು ಸದ್ದಿಲ್ಲದೆ ತನ್ನ ತಾಟಿಗೆ ಎಳೆದುಕೊಂಡು ನನ್ನ ಮಾನ ಕಾಯುತ್ತಿದ್ದಳು.

"ಯಾಕೋ ತಮ್ಮಾ, ನಿನಗೂ ಅಗಿಯಾಕ ಆಗವಲ್ದೇನು? ತಾ ಇತ್ತ, ತಿರುವಿಸಿ ಕೊಡ್ತೇನಿ."

"ಬ್ಯಾಡ ಬೇ!" ಎಂದವನೇ ಹೋಳುಗಳನ್ನೆಲ್ಲ ಬಾಯಿಗೆ ತುಂಬಿಕೊಂಡೆ. ಆ ಬ್ಲೆಂಡರ್ ಈಗ ನಮ್ಮ ಮನೆಯಲ್ಲಿ ಇಬ್ಬರಿಗೆ ಹೊಟ್ಟೆ ತುಂಬ ಉಣಿಸುತ್ತಿದೆ: ಅವ್ವನಿಗೆ ಬಟ್ಟಲಲ್ಲಿ ತಿರುಗಿ, ನನಗೆ ಸುಮ್ಮನೆ ಪಕ್ಕದಲ್ಲಿ ಕೂತು.